ರಜೆ ಇಲ್ಲದ ಊರಿನಲ್ಲಿ ಎಳ್ಳು-ಬೆಲ್ಲ

ಕರ್ನಾಟಕ ಸರ್ಕಾರದ ವಾರ್ಷಿಕ ರಜಾ ಪಟ್ಟಿ ಸಾಮಾನ್ಯವಾಗಿ ಮಕರ ಸಂಕ್ರಾಂತಿಯಿಂದಲೇ ಶುರುವಾಗುತ್ತದೆ. ಮಹಾರಾಷ್ಟ್ರದ ಸಾರ್ವಜನಿಕ ರಜೆಗಳ ಪಟ್ಟಿಯಲ್ಲಿ ಆ ಹಬ್ಬಕ್ಕೆ ಜಾಗವಿಲ್ಲ. ಹಾಗೆಂದು ಎಳ್ಳು-ಬೆಲ್ಲದ ಉಂಡೆ ‘ತಿಳಗೂಳ’ ಹಂಚದ ಮರಾಠಿ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ. ಆದರೂ ಹಬ್ಬ ವಾರದ ನಡುವೆ ಬಂದರೆ ಕಚೇರಿಗಳು ಎಂದಿನಂತೆ ತೆರೆದಿರುತ್ತವೆ, ಮುಂಬಯಿ ಬಳಿಯ ಡೊಂಬಿವಲಿಯ ರೈಲು ಪ್ಲಾಟ್‌ಫಾರಂ ಎಂದಿನಂತೆ ತುಂಬಿ ತುಳುಕುತ್ತದೆ. ಊರಿನಿಂದ ಹೊಸದಾಗಿ ಠಾಣೆ, ಕಲ್ಯಾಣದ ಕಡೆ ಕೆಲಸಕ್ಕೆ ಬಂದ ಕನ್ನಡಿಗರಿಗೆ ಮೊದಲ ಜನವರಿಯಲ್ಲಿ ಇದು ಗಂಟಲಲ್ಲಿ ಇಳಿಯುವುದಿಲ್ಲ. ಹಬ್ಬದ ದಿನ ಡಬ್ಬಿ ಕಟ್ಟಿಕೊಂಡು ಗಾಡಿ ಹಿಡಿಯುವುದೆಂದರೇನು?

ಒಂದೆರಡು ಸಂಕ್ರಾಂತಿ ಕಳೆದ ಮೇಲೆ ಅವರೂ ಇಲ್ಲಿನ ಲೆಕ್ಕಕ್ಕೆ ಒಗ್ಗುತ್ತಾರೆ. ಗಣಪತಿಗೆ ಮೂರ್ತಿ ತರಬೇಕು, ದಸರೆಗೆ ಗೊಂಬೆ ಇಡಬೇಕು ಇಲ್ಲವೇ ಬನ್ನಿ ಮುಡಿಯಬೇಕು, ದೀಪಾವಳಿಗೆ ಊರಿನ ಟಿಕೆಟ್ಟಿಗಾಗಿ ತಿಂಗಳುಗಟ್ಟಲೆ ಮೊದಲೇ ಒದ್ದಾಡಬೇಕು. ಸಂಕ್ರಾಂತಿಗೆ ಮೂರ್ತಿಯಿಲ್ಲ, ಮಂಟಪವಿಲ್ಲ, ವಿಸರ್ಜನೆಯಿಲ್ಲ. ಕೊಡಲು ಒಂದು ಮುಷ್ಟಿ ಎಳ್ಳು, ಈಸಿಕೊಳ್ಳಲು ಒಂದು ಎದುರು ಮನೆ ಇದ್ದರೆ ಆಯಿತು. ಅದಕ್ಕೇ ಈ ಹಬ್ಬ ರಜೆಯಿಲ್ಲದೆಯೂ ನಡೆದುಬಿಡುತ್ತದೆ. ನೆರೆಯವರಿಲ್ಲದೆ ಮಾತ್ರ ನಡೆಯುವುದಿಲ್ಲ.

ಸೂರ್ಯನ ಗಡಿಯಾರ, ಚಂದ್ರನ ಗಡಿಯಾರ

ರಜೆಯ ಕೊರತೆಯನ್ನು ತುಂಬಿಕೊಡುವುದು ರಥಸಪ್ತಮಿ. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಯ ದಿನ ಶುರುವಾದ ತಿಳಗೂಳ, ಹಳದಿ-ಕುಂಕುಮ ಮಾಘ ಶುದ್ಧ ಸಪ್ತಮಿಯ ತನಕ ನಡೆಯುತ್ತವೆ. ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಈ ಕಾಲದಲ್ಲಿ ಜನವರಿ 14 ಅಥವಾ 15 ಬಿಟ್ಟು ಕದಲುವುದಿಲ್ಲ. ರಥಸಪ್ತಮಿ ಚಂದ್ರನ ತಿಥಿಯದ್ದು, ವರ್ಷ ವರ್ಷವೂ ಜಾಗ ಬದಲಿಸುತ್ತದೆ. ಹೀಗಾಗಿ 2024ರಲ್ಲಿ ಜನವರಿ 15ರಿಂದ ಫೆಬ್ರುವರಿ 16ರವರೆಗೆ, ತಿಂಗಳಿಗೂ ಮಿಕ್ಕಿದ ಅವಕಾಶ ಸಿಕ್ಕಿತ್ತು. 2025ರಲ್ಲಿ ಸಪ್ತಮಿ ಫೆಬ್ರುವರಿ 4ಕ್ಕೆ ಬಂತು. 2026ರಲ್ಲಿ ಜನವರಿ 25ಕ್ಕೇ ಬಂದು, ಸಂಕ್ರಾಂತಿ ಮುಗಿದು ಎರಡು ವಾರ ಆಗುವ ಮೊದಲೇ ಬಾಗಿಲು ಮುಚ್ಚಿತು. ಪಂಚಾಂಗ ಕೈಗೆ ಬಂದ ಕೂಡಲೇ ಈ ನಡುವೆ ಎಷ್ಟು ಶನಿವಾರ, ಎಷ್ಟು ಭಾನುವಾರ ಸಿಗುತ್ತವೆ ಎಂದು ಎಣಿಸುವುದು ದುಡಿಯುವ ಹೆಂಗಸರ ಮೊದಲ ಕೆಲಸ. ತಡವಾಗಿ ಬಂದವರನ್ನೂ ಒಳಗೆ ಬಿಟ್ಟುಕೊಳ್ಳುವ ಹಬ್ಬ ಸೆಂಟ್ರಲ್ ರೈಲ್ವೆಯ ಪ್ರಯಾಣಿಕರಿಗೆ ಹೇಳಿ ಮಾಡಿಸಿದ ಹಾಗಿದೆ.

ಆ ರೈಲಿನಲ್ಲೇ ಅರ್ಧ ಹಬ್ಬ ಮುಗಿಯುತ್ತದೆ. ಕಲ್ಯಾಣ, ಡೊಂಬಿವಲಿಯಿಂದ ಸಿಎಸ್‌ಎಂಟಿ ಕಡೆ ಹೋಗುವ ಲೋಕಲಿನ ಮಹಿಳಾ ಡಬ್ಬಿಯನ್ನು ಈ ದಿನಗಳಲ್ಲಿ ನೋಡಬೇಕು. ದಿನವೂ ಅದೇ ಗಾಡಿ, ಅದೇ ಡಬ್ಬಿ, ಅದೇ ಕಿಟಕಿಯ ಸುತ್ತ ಸೇರುವ ಗುಂಪು. ಬ್ಯಾಂಕಿನವಳು, ಆಸ್ಪತ್ರೆಯ ನರ್ಸು, ಎಲ್‌ಐಸಿಯವಳು, ಶಾಲೆಯ ಟೀಚರು. ಒಬ್ಬಳು ಪರ್ಸಿನಿಂದ ಕರಡಿಗೆ ತೆಗೆದು, ಗಾಡಿ ಅಲುಗಾಡುತ್ತಿದ್ದಂತೆಯೇ ಎದುರಿನವಳ ಹಣೆಗೆ ಗುರಿಯಿಟ್ಟು ಕುಂಕುಮ ಹಚ್ಚುತ್ತಾಳೆ. ಇನ್ನೊಬ್ಬಳು ಸ್ಟೀಲ್ ಬಟ್ಟಲನ್ನೋ ಪುಟ್ಟ ಕನ್ನಡಿಯನ್ನೋ ‘ವಾಣ’ ಎಂದು ಕೊಡುತ್ತಾಳೆ. ಮುಂಬ್ರಾ ದಾಟುವಷ್ಟರಲ್ಲಿ ಉಂಡೆಯ ಡಬ್ಬ ಖಾಲಿ. ಗುಂಪಿನಲ್ಲಿ ಕನ್ನಡದವಳಿದ್ದರೆ ಅವಳ ಎಳ್ಳು-ಬೆಲ್ಲಕ್ಕಾಗಿ ಕೈಗಳು ಮುಂದೆ ಬರುತ್ತವೆ. ಚಮಚವಿಲ್ಲದೆ ಇದನ್ನು ತಿನ್ನುವುದು ಹೇಗೆ ಎಂಬ ಪ್ರಶ್ನೆ ಪ್ರತಿ ವರ್ಷವೂ ಯಾರಾದರೂ ಕೇಳಿಯೇ ಕೇಳುತ್ತಾರೆ.

ಅಂದಹಾಗೆ ಸೂರ್ಯ ನಿಜವಾಗಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21-22ಕ್ಕೆ. ಅದೂ ಸಂಕ್ರಾಂತಿಯೂ ಒಂದೇ ದಿನ ಬರುತ್ತಿದ್ದದ್ದು ಸುಮಾರು 1700 ವರ್ಷಗಳ ಹಿಂದೆ. ನಮ್ಮ ಪಂಚಾಂಗದ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷದಷ್ಟು ಉದ್ದವಾದ್ದರಿಂದ ಹಬ್ಬ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನ ಹಿಂದೆ ಬೀಳುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12ರಂದೇ ಆ ವರ್ಷದ ಮಕರ ಸಂಕ್ರಾಂತಿ ಬಂದಿತ್ತು. ಎಳ್ಳು ಹುರಿಯುವವರು ಈ ಲೆಕ್ಕಕ್ಕೆ ತಲೆ ಕೆಡಿಸಿಕೊಂಡವರಲ್ಲ. ಚಳಿ ಬಿದ್ದಿದೆಯೇ ಇಲ್ಲವೇ ಎನ್ನುವುದಷ್ಟೇ ಅವರ ಚಿಂತೆ. ಸಮುದ್ರದಿಂದ ಒಳಗೆ ಸರಿದ ಕಲ್ಯಾಣ, ಬದ್ಲಾಪುರದ ಕಡೆ ಮುಂಬಯಿಗಿಂತ ಹೆಚ್ಚು ಚಳಿ. ಜನವರಿಯಲ್ಲಿ ಸ್ವೆಟರಿಗೆ ನಿಜವಾಗಿ ಕೆಲಸ ಸಿಗುವುದು ಇಲ್ಲಿಯೇ.

ಮೂರು ಸೀಮೆ, ಮೂರು ಸಂಕ್ರಾಂತಿ

ಠಾಣೆ ಜಿಲ್ಲೆಯ ಕನ್ನಡಿಗರು ಒಂದೇ ಊರಿನವರಲ್ಲ, ಆದ್ದರಿಂದ ಅವರ ಸಂಕ್ರಾಂತಿಯೂ ಒಂದೇ ಅಲ್ಲ. ಯಾರು ಯಾವ ಕಡೆಯಿಂದ ಬಂದಿಳಿದರು ಎನ್ನುವುದರ ಮೇಲೆ ಅವರ ಹಬ್ಬ ನಿಂತಿದೆ.

ಮೊದಲನೆಯದು ಕಲ್ಯಾಣದಿಂದ ಘಟ್ಟ ಹತ್ತಿ ಹೋಗುವ ಹಳಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಠಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು, 1863ರಲ್ಲಿ ಭೋರ್ ಘಾಟ್ ಹತ್ತಿತು, 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಸೊಲ್ಲಾಪುರ, ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ದುಡಿಮೆಗಾಗಿ ಇಳಿದು ಬಂದದ್ದು ಇದೇ ದಾರಿಯಲ್ಲಿ. ನವಿ ಮುಂಬಯಿ ಕಟ್ಟಲೆಂದು ಸಿಡ್ಕೊ ಎಂಬ ಸರ್ಕಾರಿ ನಿಗಮ ಸ್ಥಾಪನೆಯಾದದ್ದು 1970ರಲ್ಲಿ. ಆಮೇಲಿನ ದಶಕಗಳಲ್ಲಿ ಖಾಡಿಯ ಆಚೆ ಆ ನಗರ ಏಳುವಾಗ ಇಟ್ಟಿಗೆ ಹೊತ್ತವರಲ್ಲಿ, ಗಾರೆ ಕಲಸಿದವರಲ್ಲಿ ಈ ಜಿಲ್ಲೆಗಳ ಗೌಂಡಿಗಳೂ ತಾಂಡಾಗಳ ಲಂಬಾಣಿಗರೂ ಇದ್ದರು. ಈಗಲೂ ಬೆಳಗಿನ ಹೊತ್ತು ಕೂಲಿಗೆ ನಿಲ್ಲುವ ನಾಕಾಗಳಲ್ಲಿ ಆ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ.

ಅವರಿಗೆ ಹಬ್ಬದ ಹಿಂದಿನ ದಿನದ ಭೋಗಿಯೇ ದೊಡ್ಡದು. ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿ, ಮೇಲೆ ಬೆಣ್ಣೆ, ಗಜ್ಜರಿ, ಬದನಿಕಾಯಿ, ಅವರಿ, ಹಸಿ ಕಡಲಿ ಎಲ್ಲ ಕೂಡಿಸಿದ ಪಲ್ಲೆ. ಇದರಲ್ಲಿ ಮರಾಠಿ ಮನೆಗೂ ಇವರ ಮನೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಭೋಗಿಯ ತರಕಾರಿಯನ್ನು ಬೆರೆಸಿ ಗುಡ್ಡೆ ಹಾಕಿ ಮಾರುವವಳಿಗೆ ಕೊಳ್ಳುವವರ ಮಾತೃಭಾಷೆ ಯಾವುದಾದರೂ ಒಂದೇ. ಸಂಕ್ರಾಂತಿಯಂದು ಊರಿನಲ್ಲಾದರೆ ಬುತ್ತಿ ಕಟ್ಟಿಕೊಂಡು ಕೃಷ್ಣೆಗೋ ಭೀಮೆಗೋ ಮಲಪ್ರಭೆಗೋ ಹೋಗಿ, ಅರೆದ ಎಳ್ಳು ಮೈಗೆ ಹಚ್ಚಿಕೊಂಡು ಮುಳುಗಿ, ದಂಡೆಯಲ್ಲೇ ಉಣ್ಣುವುದು. ಇಲ್ಲಿ ಉಲ್ಹಾಸ ನದಿ ಮಗ್ಗುಲಲ್ಲೇ ಹರಿದರೂ ಅದರ ನೀರಿನಲ್ಲಿ ಮುಳುಗುವ ಧೈರ್ಯ ಯಾರಿಗೂ ಇಲ್ಲ. ಎಳ್ಳು ಮಿಕ್ಸಿಯಲ್ಲಿ ತಿರುಗುತ್ತದೆ, ಬಾತ್‌ರೂಮಿನ ಬಕೆಟ್ಟೇ ಹೊಳಿ.

ಸೊಲ್ಲಾಪುರದ ಕಡೆಯವರಿಗೆ ಮಾತ್ರ ಈ ವಾರ ಇಲ್ಲಿ ಮನಸ್ಸು ನಿಲ್ಲುವುದಿಲ್ಲ. ಸಿದ್ಧೇಶ್ವರನೆಂದು ಪೂಜೆಗೊಳ್ಳುವ, ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಊರು ಅದು. ಸಂಕ್ರಾಂತಿಯ ಹೊತ್ತಿಗೆ ಅವನ ಜಾತ್ರೆಯ ಏಳು ನಂದಿಧ್ವಜಗಳು ಬೀದಿಗಿಳಿಯುತ್ತವೆ. ಭೋಗಿಯ ದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಸಂಕ್ರಾಂತಿಯಂದು ಹೋಮ, ಮರುದಿನ ಮದ್ದು ಸುಡುವುದು. ಆ ಊರಿಗೆ ಹೋಗುವ ರೈಲಿಗೂ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಎಂದೇ ಹೆಸರು. ಕೂಲಿಯವರಿಗೆ ಈ ಪ್ರಯಾಣ ಸುಲಭವಲ್ಲ. ದಿನಗೂಲಿಯವನಿಗೆ ರಜೆಯೆಂದರೆ ಆ ದಿನದ ಪಗಾರ ಹೋಯಿತು. ಊರಿಗೆ ಹೋದವರೂ ಕೈಕಟ್ಟಿ ಕೂರುವುದಿಲ್ಲ. ಕಲಬುರಗಿ ಸೀಮೆಯಲ್ಲಿ ಅದು ತೊಗರಿ ರಾಶಿಯ ಕಾಲ. ತುಂಡು ಹೊಲ ಇದ್ದವರಿಗೆ ಹಬ್ಬ, ಸುಗ್ಗಿ, ದುಡಿತ ಎಲ್ಲ ಒಟ್ಟಿಗೇ.

ಎರಡನೆಯದು ಕೊಂಕಣದ ಹಳಿ, ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೂ ಎಷ್ಟೋ ಮೊದಲು ಬಸ್ಸಿನಲ್ಲಿ, ಹಡಗಿನಲ್ಲಿ ಬಂದು ಹೋಟೆಲು ಹೂಡಿದ ಉಡುಪಿ, ದಕ್ಷಿಣ ಕನ್ನಡದವರೇ ಈ ಭಾಗದ ಕನ್ನಡ ಸಂಘಗಳ ಬೆನ್ನೆಲುಬು. ಡೊಂಬಿವಲಿಯಲ್ಲಿ ಮಂಜುನಾಥ ವಿದ್ಯಾಲಯ ನಡೆಸುವ ಕರ್ನಾಟಕ ಸಂಘವಿದೆ, ಬಂಟರ ಸಂಘದ ಪ್ರಾದೇಶಿಕ ಸಮಿತಿಗಳಿವೆ, ಬಿಲ್ಲವರ ಅಸೋಸಿಯೇಶನ್ನಿನ ಸ್ಥಳೀಯ ಕಚೇರಿಗಳಿವೆ. ತಮಾಷೆಯೆಂದರೆ ತುಳುನಾಡಿನ ಹೆಚ್ಚಿನ ಮನೆಗಳಲ್ಲಿ ಎಳ್ಳು ಬೀರುವ ಪದ್ಧತಿಯೇ ಇರಲಿಲ್ಲ. ಸಂಕ್ರಾಂತಿಯೆಂದರೆ ಉಡುಪಿ ಕೃಷ್ಣಮಠದ ಮೂರು ತೇರು, ಸಮ ಸಂಖ್ಯೆಯ ವರ್ಷವಾದರೆ ಜನವರಿ 18ರ ಪರ್ಯಾಯ, ಇಲ್ಲವೇ ಮಾಲೆ ಹಾಕಿದವರಿಗೆ ಶಬರಿಮಲೆಯ ಮಕರಜ್ಯೋತಿ. ಈಗ ನೋಡಿದರೆ ಜನವರಿ ಬಂತೆಂದರೆ ಇದೇ ಸಂಘಗಳ ಮಹಿಳಾ ವಿಭಾಗಗಳಲ್ಲಿ ಸಾಲು ಸಾಲು ‘ಅರಸಿನ ಕುಂಕುಮ’ ಕಾರ್ಯಕ್ರಮ. ಮರಾಠಿ ನೆರೆಯವರಿಂದ ಕಲಿತದ್ದು ಸಂಘದ ವಾರ್ಷಿಕ ಕ್ಯಾಲೆಂಡರಿಗೇ ಏರಿದೆ. ಊರಿನಲ್ಲಿ ಇಲ್ಲದ ಹಬ್ಬವೊಂದನ್ನು ಪರವೂರಿನಲ್ಲಿ ಪಡೆದುಕೊಂಡವರು ಇವರು.

ಮೂರನೆಯವರು ಹಳೇ ಮೈಸೂರಿನ ಕಡೆಯವರು. ಸಂಖ್ಯೆಯಲ್ಲಿ ಕಡಿಮೆ, ಎಳ್ಳಿನ ವಿಷಯದಲ್ಲಿ ಮಾತ್ರ ಹಠಮಾರಿಗಳು. ಕಿಚ್ಚು ಹಾಯಿಸಲು ಇಲ್ಲಿ ದನವಿಲ್ಲ, ಸೊಗಡಿನ ಅವರೆ ಸುಲಭಕ್ಕೆ ಸಿಗುವುದಿಲ್ಲ, ಕಬ್ಬಿನ ಜಲ್ಲೆಯನ್ನು ಲಿಫ್ಟಿನಲ್ಲಿ ನಿಲ್ಲಿಸುವುದೇ ಒಂದು ಸಾಹಸ. ಉಳಿದದ್ದು ತಟ್ಟೆಯೊಂದೇ. ಹಾಗಾಗಿ ಆ ತಟ್ಟೆಯಲ್ಲಿ ಕಿಂಚಿತ್ತೂ ಲೋಪವಾಗಕೂಡದು.

ಬೆಲ್ಲದ ಅಚ್ಚು, ಅಡಕತ್ತರಿ, ಬಾಲ್ಕನಿಯ ಬಿಸಿಲು

ಎಳ್ಳು-ಬೆಲ್ಲ ನೋಡಲು ಏನೂ ಅಲ್ಲ, ಮಾಡಿದವರಿಗೇ ಗೊತ್ತು ಅದರ ಪಾಡು. ಒಣ ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಬಿಳಿ ಕಾಣುವ ತನಕ ಹೆರೆಯಬೇಕು. ಆಮೇಲೆ ತೆಳ್ಳಗೆ ಸೀಳಿ, ಎಲ್ಲ ತುಂಡೂ ಒಂದೇ ಅಳತೆಯಲ್ಲಿ ಇರುವಂತೆ ಹೆಚ್ಚಿ, ಬಿಸಿಲಿಗೆ ಇಡಬೇಕು. ಕಡಲೆಕಾಯಿ ಬೀಜ ಹುರಿದು, ಉಜ್ಜಿ ಸಿಪ್ಪೆ ಹಾರಿಸಿ, ಬೇಳೆ ಮಾಡಬೇಕು. ಹುರಿಗಡಲೆಯಲ್ಲಿ ಕರಿಯದ್ದನ್ನು ಆರಿಸಬೇಕು. ಬಿಳಿ ಎಳ್ಳನ್ನು ಚಟಪಟ ಎನ್ನುವ ಹೊತ್ತಿಗೆ ಒಲೆಯಿಂದ ಇಳಿಸಬೇಕು, ಒಂದು ಕ್ಷಣ ತಡವಾದರೆ ಕಹಿ.

ಅಸಲು ಪರೀಕ್ಷೆ ಬೆಲ್ಲದ್ದು. ವಾಶಿ-ತುರ್ಭೆಯ ಎಪಿಎಂಸಿಗೆ ಕೊಲ್ಲಾಪುರದ ಬೆಲ್ಲ ಬೇಕಾದಷ್ಟು ಬರುತ್ತದೆ. ಸಂಕ್ರಾಂತಿಗೆಂದು ಅಂಗಡಿಯವರು ಮುಂದೆ ಇಡುವುದು ‘ಚಿಕ್ಕೀಚಾ ಗೂಳ’. ಅದು ಪಾಕಕ್ಕೆ ಜಿಗುಟು ಕೊಡುತ್ತದೆ, ತಿಳಗೂಳದ ಉಂಡೆಗೆ, ವಡಿಗೆ ಅದೇ ಸರಿ. ಎಳ್ಳು-ಬೆಲ್ಲಕ್ಕೆ ಬೇಕಾದ್ದು ಒಣಗಿದ, ಗಟ್ಟಿಯಾದ, ಅಡಕತ್ತರಿಗೆ ಸಿಕ್ಕರೆ ಟಕ್ಕನೆ ತುಂಡಾಗುವ ಅಚ್ಚುಬೆಲ್ಲ. ಈ ಊರಿನ ತೇವದ ಗಾಳಿಗೆ ತಪ್ಪು ಬೆಲ್ಲ ಬಿತ್ತೋ, ಮರುದಿನ ಡಬ್ಬಿ ತೆರೆದಾಗ ಎಲ್ಲವೂ ಒಂದೇ ಮುದ್ದೆ. ಅದಕ್ಕೇ ಮಂಡ್ಯ, ಮೈಸೂರಿನಿಂದ ಬರುವ ನೆಂಟರ ಬ್ಯಾಗಿನಲ್ಲಿ ಡಿಸೆಂಬರಿನಲ್ಲೇ ಅಚ್ಚುಬೆಲ್ಲಕ್ಕೆ, ಸಕ್ಕರೆ ಅಚ್ಚಿಗೆ ಜಾಗ ಕಾದಿರಿಸುವುದು. ಮುಂಬಯಿಯ ಮಾಟುಂಗಾಕ್ಕೆ ಹೋಗಿ ತರುವವರೂ ಇದ್ದಾರೆ. ಗ್ರಿಲ್ ಹಾಕಿದ ಬಾಲ್ಕನಿಯಲ್ಲಿ ಬಿಸಿಲು ಬೀಳುವ ಒಂದೂವರೆ ತಾಸಿನಲ್ಲಿ ಕೊಬ್ಬರಿ ಒಣಗಬೇಕು, ಅದರ ಪಕ್ಕದಲ್ಲೇ ಯಾರಾದರೂ ಪಾರಿವಾಳ ಓಡಿಸುತ್ತ ಕೂರಬೇಕು. ತಯಾರು ಮಿಶ್ರಣದ ಪ್ಯಾಕೆಟ್ಟು ಸಿಗುವ ಕಾಲ ಬಂದ ಮೇಲೂ ಈ ಕೆಲಸ ನಿಂತಿಲ್ಲ. ‘ಪ್ಯಾಕೆಟ್ಟಿಂದು ಅಂತ ತಿಂದ ಕೂಡಲೇ ಗೊತ್ತಾಗತ್ತೆ’ ಎಂಬ ಒಂದು ಮಾತಿನ ಹೆದರಿಕೆ ಸಾಕು.

ಉತ್ತರ ಕರ್ನಾಟಕದವರ ಕುಸುರೆಳ್ಳಿನದು ಇನ್ನೂ ನಿಧಾನದ ಕೆಲಸ. ಸಣ್ಣ ಉರಿಯ ಮೇಲೆ ಪರಾತ, ಅದರಲ್ಲಿ ಎಳ್ಳು. ಸಕ್ಕರೆಯ ತೆಳು ಪಾಕವನ್ನು ಒಂದೊಂದೇ ಚಮಚ ಬಿಡುತ್ತ, ಅಂಗೈಯಿಂದ ಮೆಲ್ಲಗೆ ಆಡಿಸುತ್ತ ಹೋದರೆ ಪ್ರತಿ ಕಾಳಿನ ಸುತ್ತ ಸಕ್ಕರೆಯ ಮುಳ್ಳು ಏಳುತ್ತದೆ. ಬೆಳಗಿನ ಜಾವದ ಚಳಿಯಲ್ಲಿ ಕೂತರೆ ಮುಳ್ಳು ಚೆನ್ನಾಗಿ ಬರುತ್ತದೆ. ಅವಸರಪಟ್ಟರೆ ಕಾಳು ಒಂದಕ್ಕೊಂದು ಅಂಟುತ್ತವೆ. ಇದನ್ನೇ ದಾರಕ್ಕೆ ಪೋಣಿಸಿ ಮರಾಠಿ ಮನೆಗಳಲ್ಲಿ ಹೊಸ ಸೊಸೆಗೆ, ಮೊದಲ ಸಂಕ್ರಾಂತಿಯ ಕೂಸಿಗೆ ಹಾರ, ಬಳೆ, ಕಿರೀಟ ಮಾಡುತ್ತಾರೆ. ಒಡವೆಯ ಕೆಳಗೆ ಉಡಿಸುವುದು ಕಪ್ಪು ಬಟ್ಟೆ. ಜನವರಿಯಲ್ಲಿ ಠಾಣೆಯ ಸೀರೆ ಅಂಗಡಿಗಳ ಗಾಜಿನ ತುಂಬ ಕಪ್ಪು ಸೀರೆಗಳೇ. ಚಳಿಯಲ್ಲಿ ಕಪ್ಪು ಬೆಚ್ಚಗಿಡುತ್ತದೆ ಎಂಬ ಕಾರಣ ಹೇಳುತ್ತಾರೆ. ಹಬ್ಬಕ್ಕೆ ಕಪ್ಪು ಮುಟ್ಟಬಾರದೆಂದು ಬೆಳೆದ ಮೈಸೂರಿನ ಅಜ್ಜಿಗೆ ಮೊಮ್ಮಗಳು ಕಪ್ಪುಟ್ಟು ಎಳ್ಳು ಬೀರಲು ಹೊರಟಾಗ ಎದೆ ಧಸಕ್ಕೆನ್ನುತ್ತದೆ. ಫೋಟೋ ನೋಡಿದ ಮೇಲೆ ಚೆನ್ನಾಗೇ ಕಾಣ್ತಾಳೆ ಎನ್ನುತ್ತಾಳೆ. ಕೂಸುಗಳ ತಲೆಯ ಮೇಲೆ ಬಾರೆಹಣ್ಣು, ಕಬ್ಬಿನ ಚೂರು, ಚುರಮುರಿ, ಚಿಲ್ಲರೆ ಕಾಸು ಸುರಿಯುವಾಗ ಮಾತ್ರ ಜಗಳವಿಲ್ಲ. ಮರಾಠಿಯವರು ಬೋರನ್ಹಾಣ ಎಂದರೆ ಧಾರವಾಡದವರು ಕರಿ ಎರೆಯುವುದು ಎನ್ನುತ್ತಾರೆ, ಸೊಸೈಟಿಯ ಮಕ್ಕಳೆಲ್ಲ ಕಾಸು ಆರಿಸಲು ನುಗ್ಗುತ್ತಾರೆ.

ಕೊಡುವವರು, ಕರೆಯಿಸಿಕೊಳ್ಳದವರು

ಕನ್ನಡ ನಾಡಿನ ಹಳೆಯ ಶಾಸನಗಳನ್ನು ಓದಿದವರಿಗೆ ಉತ್ತರಾಯಣ ಸಂಕ್ರಾಂತಿ ಚಿರಪರಿಚಿತ. ದೇವಾಲಯಕ್ಕೆ ಭೂಮಿ ಬಿಟ್ಟ, ಬ್ರಾಹ್ಮಣರಿಗೆ ಕಾಲು ತೊಳೆದು ಧಾರೆಯೆರೆದ ಎಷ್ಟೋ ದಾನಗಳಿಗೆ ಆ ದಿನವನ್ನೇ ಆರಿಸಿಕೊಂಡಿದ್ದಾರೆ. ಅಂದಿನ ಠಾಣೆಯೂ ಶ್ರೀಸ್ಥಾನಕ ಎಂಬ ಹೆಸರಿನಲ್ಲಿ ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿಯಾಗಿತ್ತು, ಅವರು ಮೊದಲಿಗೆ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ರಾಜರು ಹೊಲ ಕೊಟ್ಟರು, ಗೃಹಿಣಿಯರು ಎಳ್ಳು ಕೊಟ್ಟರು. ಕೊಡುವುದೇ ಈ ದಿನದ ಕೆಲಸ ಎನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಕೊಡುವ ಹಬ್ಬಕ್ಕೆ ಒಂದು ಕೊರತೆಯೂ ಅಂಟಿಕೊಂಡಿದೆ. ಯಾರಿಗೆ ಕೊಡಬೇಕು ಎಂಬ ಪಟ್ಟಿ ಮಾಡುವಾಗಲೇ ಯಾರನ್ನು ಬಿಡಬೇಕು ಎಂಬುದೂ ತೀರ್ಮಾನವಾಗಿಬಿಡುತ್ತದೆ. ಗಂಡ ಸತ್ತ ಮರುವರ್ಷದಿಂದ ಅದೇ ಮೆಟ್ಟಿಲಿನ ಹೆಂಗಸಿಗೆ ಹಳದಿ-ಕುಂಕುಮದ ಕರೆ ಬರುವುದಿಲ್ಲ. ಅಡುಗೆಮನೆಯಲ್ಲಿ ಉಂಡೆ ಕಟ್ಟಿಕೊಟ್ಟವಳು ಅವಳೇ ಆಗಿದ್ದರೂ ಹಾಲಿಗೆ ಬಂದು ಕೂರುವಂತಿಲ್ಲ. ಕರ್ನಾಟಕದ ಗಡಿಗೆ ಹತ್ತಿರದ, ಕೊಲ್ಲಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಕುಂಕುಮ ಅಳಿಸುವ, ಬಳೆ ಒಡೆಯುವ, ತಾಳಿ ತೆಗೆಯುವ ಪದ್ಧತಿಗಳೇ ಬೇಡವೆಂದು ನಿರ್ಣಯ ಮಾಡಿತು. ಇತರ ಪಂಚಾಯಿತಿಗಳೂ ಅದನ್ನು ಅನುಸರಿಸಲಿ ಎಂದು ಮಹಾರಾಷ್ಟ್ರ ಸರ್ಕಾರ ಅದೇ ತಿಂಗಳು ಸುತ್ತೋಲೆ ಹೊರಡಿಸಿತು. ಹಳ್ಳಿಯೊಂದು ಠರಾವು ಮಾಡಿದ್ದನ್ನು ನಗರದ ಟವರುಗಳು ಬಾಯಿಮಾತಿನಲ್ಲಿ ಒಪ್ಪುತ್ತವೆ, ಕರೆಯುವಾಗ ತಡವರಿಸುತ್ತವೆ. ಎಲ್ಲರನ್ನೂ ಕರೆಯುವ ಗುಂಪುಗಳು ಹುಟ್ಟಿಕೊಂಡಿವೆ ನಿಜ. ಕರೆದರೂ ಬಾಗಿಲಲ್ಲೇ ನಿಂತು ‘ನನಗೆ ಬೇಡಮ್ಮ’ ಎನ್ನುವ ಹಿರಿಯರೂ ಇದ್ದಾರೆ. ಲೋಕಲಿನ ಡಬ್ಬಿ ಈ ವಿಷಯದಲ್ಲಿ ಮನೆಗಿಂತ ಸಲೀಸು. ಅಲ್ಲಿ ಕ್ಷೇಮ ಸಮಾಚಾರ ಕೇಳುತ್ತಾರೆ, ಮನೆತನ ಕೇಳುವುದಿಲ್ಲ.

ಪಟ್ಟಿ ಕಳೆದುಕೊಂಡವರು

ಪ್ರತಿ ಮನೆಯಲ್ಲೂ ಎಳ್ಳು ಬೀರುವ ಪಟ್ಟಿಯೊಂದಿರುತ್ತದೆ, ಬರೆದಿಟ್ಟದ್ದಲ್ಲ, ಬಾಯಿಪಾಠದ್ದು. ಡೊಂಬಿವಲಿಯ ಮೂರು-ನಾಲ್ಕು ಮಾಳಿಗೆಯ ಹಳೆಯ ಬಿಲ್ಡಿಂಗುಗಳಲ್ಲಿ ಆ ಪಟ್ಟಿ ಮೆಟ್ಟಿಲ ಮೇಲೆಯೇ ಬೆಳೆದದ್ದು. ಮೊದಲ ಮಾಳಿಗೆಯ ಕಾಕೂ, ಎದುರಿನ ವಹಿನಿ, ಕೆಳಗಿನ ಶೆಟ್ಟರ ಮನೆ, ಹಿಂದಿನ ವಿಂಗಿನ ಕುಲಕರ್ಣಿಯವರು. ಈಗ ಒಂದೊಂದೇ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಬಿಲ್ಡರ್ ಬಾಡಿಗೆ ಕೊಡುವ ಆ ಕೆಲವು ವರ್ಷ ಒಬ್ಬರು ಠಾಕುರ್ಲಿಯಲ್ಲಿ, ಒಬ್ಬರು ಬದ್ಲಾಪುರದಲ್ಲಿ, ಮತ್ತೊಬ್ಬರು ಮಗನ ಜೊತೆ ಪುಣೆಯಲ್ಲಿ. ಕೆಲವರು ಮರಳುತ್ತಾರೆ, ಕೆಲವರು ಮಾರಿ ಹೋಗುತ್ತಾರೆ. ಮೂವತ್ತು ವರ್ಷ ಎಳ್ಳು ಕೊಟ್ಟು ಈಸಿಕೊಂಡವರು ವಾಟ್ಸಾಪಿನಲ್ಲಿ ಉಂಡೆಯ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ.

ಹೊಸ ಟವರಿನಲ್ಲಿ ಪಟ್ಟಿ ಸೊನ್ನೆಯಿಂದ ಶುರು. ಕೆಳಗಿನ ಗೇಟಿನವನು ಆ್ಯಪಿನಲ್ಲಿ ಒಪ್ಪಿಗೆ ಕೇಳುತ್ತಾನೆ. ಇಪ್ಪತ್ತೆರಡನೆಯ ಮಹಡಿಯಲ್ಲಿ ಎದುರಿಗೆ ಯಾರಿದ್ದಾರೆಂದರೆ ಬಾಗಿಲ ಮೇಲಿನ ಅಡ್ಡಹೆಸರಷ್ಟೇ ಗೊತ್ತು. ಕಾರಣವಿಲ್ಲದೆ ಬೆಲ್ ಒತ್ತಲು ಸಂಕೋಚ. ಕೈಯಲ್ಲಿ ಎಳ್ಳಿನ ಪೊಟ್ಟಣವಿದ್ದರೆ ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಜನವರಿಯ ಮಟ್ಟಿಗೆ ಈ ಸೀಮೆಯಲ್ಲಿ ಅದೇ ಗುರುತಿನ ಚೀಟಿ. ಬಾಗಿಲು ತೆರೆದವರು ಮರಾಠಿಯವರಾದರೆ ತಿಳಗೂಳ, ಗುಜರಾತಿಗಳಾದರೆ ಚಿಕ್ಕಿ, ಬಿಹಾರದವರಾದರೆ ತಿಲ್‌ಕುಟ್, ಪಂಜಾಬಿಗಳಾದರೆ ಲೋಹ್ರಿಯ ರೇವಡಿ, ತಮಿಳರಾದರೆ ಒಂದು ಬಟ್ಟಲು ಸಿಹಿಪೊಂಗಲ್. ಅರ್ಧ ದೇಶ ಈ ವಾರ ಎಳ್ಳು, ಬೆಲ್ಲವನ್ನೇ ಹುರಿದು ಕುದಿಸಿ ಕೂತಿರುವಾಗ ಬರಿಗೈಯಲ್ಲಿ ಕಳಿಸುವವರು ಕಡಿಮೆ. ಮುಂದಿನ ವರ್ಷ ಅವರೇ ಮೊದಲು ಬೆಲ್ ಒತ್ತಿದರೆ ಪಟ್ಟಿಗೆ ಒಂದು ಮನೆ ಸೇರಿತು ಎಂದು ಲೆಕ್ಕ.

ಸಂಕ್ರಾಂತಿಯ ಅರ್ಥವೇನು ಎಂದು ಈ ಮನೆಗಳಲ್ಲಿ ಕೇಳಿ ನೋಡಿ. ಸೂರ್ಯ, ಮಕರ, ಉತ್ತರಾಯಣ ಎಂದು ಅರ್ಧ ಹೇಳಿ ನಗುತ್ತಾರೆ. ಈ ಸಲ ಎಳ್ಳು ಇನ್ನೂ ಯಾರ ಮನೆಗೆ ಮುಟ್ಟಿಲ್ಲ ಎಂದು ಕೇಳಿದರೆ ಮಾತ್ರ, ಬೆರಳು ಮಡಚುತ್ತ ಒಂದೂ ತಪ್ಪದೆ ಹೇಳುತ್ತಾರೆ.